ಸ್ತನ ಕ್ಯಾನ್ಸರ್ ಗೆದ್ದವರು ಕೊಡ ಎತ್ತಬಹುದೇ?

ಸೊರಬ ತಾಲ್ಲೂಕಿನ ಉಳವಿಯಂಥ ಊರುಗಳಲ್ಲಿ ಹೆಣ್ಣುಮಕ್ಕಳಿಗೆ ವ್ಯಾಯಾಮವೆಂಬ ಪ್ರತ್ಯೇಕ ಬಾಬತ್ತು ಇಲ್ಲ. ನಾಟಿ, ಕಳೆ, ಕೊಟ್ಟಿಗೆ, ಸೊಪ್ಪಿನ ಹೊರೆ ಇವೇ ನಿತ್ಯದ ಶ್ರಮ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದಾಕೆಗೆ ಮಾತ್ರ ಇವೆಲ್ಲ ಒಮ್ಮೆಲೇ ನಿಷಿದ್ಧವಾಗುತ್ತವೆ. ‘ಆ ಕೈಯಲ್ಲಿ ಕೊಡ ಎತ್ತಬೇಡ’ ಎಂಬ ಎಚ್ಚರಿಕೆಯನ್ನು ಹಿಂದೆ ವೈದ್ಯರೂ ನೀಡುತ್ತಿದ್ದರು.

ಅದಕ್ಕೆ ಕಾರಣವಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಅಥವಾ ವಿಕಿರಣದಿಂದ ಅವು ಹಾನಿಗೊಂಡಾಗ ದ್ರವ ಸರಾಗವಾಗಿ ಹರಿಯದೆ ತೋಳು ಊದಿಕೊಳ್ಳುತ್ತದೆ. ವೈದ್ಯರು ಇದನ್ನು ಲಿಂಫೆಡಿಮಾ ಎನ್ನುತ್ತಾರೆ. ಭಾರ ಎತ್ತಿದರೆ ಬಾವು ಹೆಚ್ಚೀತೆಂಬ ಭಯ ಸಹಜವೇ ಆಗಿತ್ತು.

ಅಮೆರಿಕದ ಸಂಶೋಧಕಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಯವನ್ನು ಅಲುಗಿಸಿತು. ಆಗಲೇ ತೋಳು ಬಾವು ಇದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆ ಎರಡು ಬಾರಿ, ನಿಧಾನವಾಗಿ ಏರಿಸುತ್ತಾ ಭಾರ ಎತ್ತುವ ತರಬೇತಿ ನೀಡಲಾಯಿತು. ಒಂದು ವರ್ಷದಲ್ಲಿ ಬಾವು ಉಲ್ಬಣಿಸಿದ್ದು ಅವರಲ್ಲಿ ಶೇ 14ರಷ್ಟು ಮಂದಿಗೆ. ಭಾರ ಎತ್ತದವರಲ್ಲಿ ಶೇ 29ರಷ್ಟು ಮಂದಿಗೆ. ಆದರೆ ಅವರು ಒತ್ತಡದ ತೋಳುಪಟ್ಟಿ ಧರಿಸಿ, ಶಿಕ್ಷಕರ ಕಣ್ಗಾವಲಿನಲ್ಲಿ ಆರಂಭಿಸಿದ್ದರೆಂಬುದನ್ನು ಮರೆಯುವಂತಿಲ್ಲ. ಮೊದಲ ದಿನವೇ ತುಂಬಿದ ಕೊಡ ಹೊರಬಹುದೆಂದು ಇದರರ್ಥವಲ್ಲ.

ನಡಿಗೆಯ ಫಲವೂ ಗಮನಾರ್ಹ. ಅಮೆರಿಕದ 2,987 ದಾದಿಯರನ್ನು ಗಮನಿಸಿ 2005ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಕಾಯಿಲೆಯ ನಂತರ ವಾರಕ್ಕೆ ಮೂರರಿಂದ ಐದು ಗಂಟೆ ನಡೆದಷ್ಟು ಶ್ರಮಿಸಿದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಇದು ವೀಕ್ಷಣೆಯಷ್ಟೇ, ನಡಿಗೆಯೇ ಕಾರಣವೆಂದು ಸಾಬೀತಾದಂತಲ್ಲ. ದಣಿವು, ಖಿನ್ನತೆ ತಗ್ಗುವುದಕ್ಕೆ ಮಾತ್ರ ಬಲವಾದ ಪುರಾವೆಯಿದೆ. ಯೋಗದ ವಿಷಯದಲ್ಲಿ ನಮ್ಮ ರಾಜ್ಯದ್ದೇ ಉದಾಹರಣೆಯುಂಟು: ಬೆಂಗಳೂರಿನ ಎಸ್-ವ್ಯಾಸ ಸಂಶೋಧಕರು 62 ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಮೋಥೆರಪಿಯ ನಂತರದ ವಾಕರಿಕೆ ಯೋಗ ಮಾಡಿದವರಲ್ಲಿ ಕಡಿಮೆಯಾಗಿತ್ತು.

ಆರಂಭ ಸರಳವಾಗಿರಲಿ. ವೈದ್ಯರ ಅನುಮತಿ ದೊರೆತ ಮೇಲೆ ಮುಷ್ಟಿ ಬಿಗಿದು ಬಿಡುವುದು, ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸುವುದು ಭುಜ ಬಿಗಿಯದಂತೆ ಕಾಯುತ್ತವೆ. ನಂತರ ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಚುರುಕಾದ ನಡಿಗೆ. ತೋಟದ ದಾರಿಯೇ ಸಾಕು. ಜ್ವರ, ಎದೆನೋವು, ತಲೆಸುತ್ತು ಇದ್ದರೆ ಆ ದಿನ ವಿಶ್ರಾಂತಿ ಪಡೆದು ವೈದ್ಯರಿಗೆ ತಿಳಿಸಬೇಕು. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ವೈದ್ಯರನ್ನು ಕೇಳದೆ ಭಾರ ಮುಟ್ಟಬಾರದು. ತೋಳು ಕೆಂಪೇರಿ ಬಿಸಿಯಾದರೆ ಸೋಂಕಿರಬಹುದು, ತಡಮಾಡುವಂತಿಲ್ಲ.

ತಪಾಸಣೆಗೆಂದು ಬೆಂಗಳೂರಿನ ಕಿದ್ವಾಯಿಗೋ ಹತ್ತಿರದ ಆಸ್ಪತ್ರೆಗೋ ಹೋದಾಗ ಎರಡೂ ತೋಳುಗಳ ಸುತ್ತಳತೆ ತೆಗೆಸಿ ಬರೆದಿಟ್ಟುಕೊಂಡರೆ, ಬಾವು ಕಣ್ಣಿಗೆ ಬೀಳುವ ಮುನ್ನವೇ ಅಳತೆಯಲ್ಲಿ ತಿಳಿಯುತ್ತದೆ.