ಸುಣ್ಣದ ಕಲ್ಲಿನ ನಾಡಿನಲ್ಲಿ ಅಪಘಾತ ಮತ್ತು ಭರವಸೆ: ಕಥೋಲಿಕ ಚಿಂತನೆ ಹಾಗೂ ಆಚರಣೆಯ ಒಂದು ಅಧ್ಯಯನ

ಅಪಘಾತವು ದೀರ್ಘ ಕಾಯಿಲೆಯಂತೆ ಸೂಚನೆ ಕೊಟ್ಟು ಬರುವುದಿಲ್ಲ. ಬೆಳಿಗ್ಗೆ ದುಡಿಯಲು ಹೋದವನು ಸಂಜೆಗೆ ಹಾಸಿಗೆ ಹಿಡಿದಿರುತ್ತಾನೆ. ಮನೆಯ ವರಮಾನ, ಮಗಳ ಮದುವೆಯ ಮಾತುಕತೆ, ಸಾಲದ ಕಂತು ಎಲ್ಲವೂ ಒಂದೇ ಗಳಿಗೆಯಲ್ಲಿ ಏರುಪೇರಾಗುತ್ತವೆ. ಅಂಥ ಮನೆಯಲ್ಲಿ ಭರವಸೆ ಎಂದರೇನು ಎಂಬುದಕ್ಕೆ ಕಥೋಲಿಕ ಪರಂಪರೆ ಸಾಕಷ್ಟು ಖಚಿತವಾದ ಉತ್ತರ ಕೊಟ್ಟಿದೆ. ವಿಶ್ವಾಸ ಮತ್ತು ಪ್ರೀತಿಯ ಜೊತೆಗೆ ಭರವಸೆಯೂ ಮೂರು ದೈವಿಕ ಸದ್ಗುಣಗಳಲ್ಲಿ ಒಂದು. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ವಿವರಣೆಯಂತೆ ಭರವಸೆಯ ಗುರಿ ಇನ್ನೂ ಕೈಗೆ ಬಾರದ, ಕಷ್ಟಸಾಧ್ಯವಾದ, ಆದರೆ ಸಾಧ್ಯವೇ ಇರುವ ಒಳಿತು. ಸುಲಭವಾಗಿ ಸಿಗುವುದನ್ನು ಯಾರೂ ಭರವಸೆಯಿಂದ ಕಾಯಬೇಕಿಲ್ಲ. ಸಿಗಲಾರದು ಎಂದು ತೀರ್ಮಾನಿಸಿದವನು ಹತಾಶ. ಕಾಲು ಕಳೆದುಕೊಂಡವನಿಗೆ ಈ ವಿವರಣೆ ಮುಖ್ಯವಾಗುತ್ತದೆ. ದೇಹ ಮೊದಲಿನಂತಾಗದಿದ್ದರೂ ಬದುಕಿಗೆ ಒಳಿತು ಉಳಿದಿದೆ ಎಂದು ಹೇಳಲು ಇದು ಅವಕಾಶ ಕೊಡುತ್ತದೆ.

ಸೇಡಂ ತಾಲ್ಲೂಕಿನ ಮುಧೋಳ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಈ ಪ್ರಶ್ನೆ ಪುಸ್ತಕದ್ದಷ್ಟೇ ಅಲ್ಲ. ಇಲ್ಲಿನ ನೆಲದಡಿ ಪದರ ಪದರವಾಗಿ ಸುಣ್ಣದ ಕಲ್ಲಿದೆ. ಅದನ್ನು ಸೀಳಿ ತೆಗೆದ ಶಹಾಬಾದ್ ಫರ್ಸಿ ದಖ್ಖನ್ನಿನ ಎಷ್ಟೋ ಮನೆಗಳ ನೆಲಹಾಸು. ಅದೇ ಕಲ್ಲನ್ನು ನಂಬಿ ಶಹಾಬಾದ್, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹರಿದ ಮೇಲೆ ಕಲ್ಲಿಗೂ ಕೂಲಿಗೂ ದಾರಿ ತೆರೆಯಿತು. ಗಣಿಯ ಸಿಡಿಮದ್ದು, ಕಲ್ಲು ಕೊಯ್ಯುವ ಯಂತ್ರ, ಭಾರ ಹೊತ್ತ ಲಾರಿ, ರೈಲು ಹಳಿ ಇಲ್ಲಿಯ ದಿನನಿತ್ಯದ ಸಂಗತಿಗಳು. ಅಪಾಯವೂ ಅವುಗಳ ಜೊತೆಗೇ ಇದೆ. ಈ ಸೀಮೆ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ರಾಬರ್ಟ್ ಮೈಕೆಲ್ ಮಿರಾಂದ ಅದರ ಮೊದಲ ಧರ್ಮಾಧ್ಯಕ್ಷರು. ಜನಸಂಖ್ಯೆಯಲ್ಲಿ ಕಥೋಲಿಕರ ಪಾಲು ಬಹಳ ಚಿಕ್ಕದು.

ಅಪಘಾತ ನಡೆದ ಮನೆಯಲ್ಲಿ ಮೊದಲು ಏಳುವ ಮಾತು ಹಣೆಬರಹದ್ದು, ಇಲ್ಲವೇ ಹಿಂದಿನ ಪಾಪದ್ದು. ಕ್ರೈಸ್ತ ಮನೆಗಳೂ ಇದಕ್ಕೆ ಹೊರತಲ್ಲ. ಲೂಕನ ಶುಭಸಂದೇಶದ 13ನೆಯ ಅಧ್ಯಾಯ ಈ ಮಾತನ್ನು ನೇರವಾಗಿ ಎದುರಿಸುತ್ತದೆ. ಸಿಲೋವಾಮಿನಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ತಪ್ಪಿತಸ್ಥರಾಗಿದ್ದರೇ ಎಂದು ಯೇಸು ಕೇಳಿ, ಇಲ್ಲವೆಂದು ತಾನೇ ಉತ್ತರಿಸುತ್ತಾನೆ. ಕಟ್ಟಡ ಕುಸಿತದಂಥ ಶುದ್ಧ ಅಪಘಾತವನ್ನು ಕುರಿತ ಮಾತಾದ್ದರಿಂದ ಇದರ ಬೆಲೆ ದೊಡ್ಡದು. ಗಾಯಾಳುವಿನ ತಲೆಯ ಮೇಲಿಂದ ಅಪರಾಧದ ಹೊರೆ ಇಳಿಯದೆ ಭರವಸೆಯ ಮಾತು ಅವನಿಗೆ ತಲುಪುವುದಿಲ್ಲ.

ಸುಣ್ಣದ ಕಲ್ಲಿನ ಸೀಮೆಗೆ ಅತ್ಯಂತ ಹತ್ತಿರದ ನಿದರ್ಶನ ದೂರದ ಪೋಲೆಂಡಿನದು. ಮುಂದೆ ಪೋಪ್ ಎರಡನೆಯ ಜಾನ್ ಪಾಲ್ ಆದ ಕರೋಲ್ ವೊಯ್ಟಿವಾ ಜರ್ಮನ್ ಆಕ್ರಮಣದ ಕಾಲದಲ್ಲಿ, 1940ರಿಂದ, ಕ್ರಾಕೋವ್ ನಗರದ ಬಳಿಯ ಸುಣ್ಣದ ಕಲ್ಲಿನ ಗಣಿಯಲ್ಲಿ ಕೂಲಿಯಾಗಿದ್ದರು. ಸಾಲ್ವೇ ರಾಸಾಯನಿಕ ಕಾರ್ಖಾನೆಗೆ ಕಲ್ಲು ಒದಗಿಸುತ್ತಿದ್ದ ಆ ಗಣಿಯಲ್ಲಿ ಸ್ಫೋಟದ ವೇಳೆ ಜೊತೆಯ ಕೆಲಸಗಾರನೊಬ್ಬ ಕಲ್ಲು ಬಡಿದು ಸತ್ತದ್ದು ಅವರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. 1950ರ ದಶಕದಲ್ಲಿ ಗಣಿಯನ್ನೇ ವಸ್ತುವಾಗಿಸಿ ಅವರು ದೀರ್ಘ ಕವಿತೆಯೊಂದನ್ನು ಬರೆದರು. 1944ರ ಫೆಬ್ರುವರಿ 29ರಂದು, ಗುಟ್ಟಾಗಿ ಗುರುಶಿಕ್ಷಣ ಪಡೆಯುತ್ತಿದ್ದ ಅವರು ಪಾಳಿ ಮುಗಿಸಿ ನಡೆದು ಬರುವಾಗ ಜರ್ಮನ್ ಲಾರಿಯೊಂದು ಅವರಿಗೆ ಗುದ್ದಿ ನಿಲ್ಲದೆ ಹೋಯಿತು. ರಸ್ತೆ ಬದಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ ಅವರನ್ನು ಒಬ್ಬ ಹೆಂಗಸು ಗಮನಿಸಿದಳು. ಅದೇ ದಾರಿಯಲ್ಲಿ ಬಂದ ಜರ್ಮನ್ ಅಧಿಕಾರಿಯೊಬ್ಬ ಮತ್ತೊಂದು ಲಾರಿ ನಿಲ್ಲಿಸಿ ಆಸ್ಪತ್ರೆಗೆ ಸಾಗಿಸಿದ. ತಲೆಗೆ, ಭುಜಕ್ಕೆ ಪೆಟ್ಟಾಗಿ ಸುಮಾರು ಎರಡು ವಾರ ಅವರು ಆಸ್ಪತ್ರೆಯಲ್ಲಿದ್ದರು. ಬದುಕಿ ಉಳಿದದ್ದನ್ನು ತಮ್ಮ ಗುರುದೀಕ್ಷೆಯ ಕರೆಗೆ ಸಿಕ್ಕ ದೃಢೀಕರಣವೆಂದು ಅವರು ಕಂಡರು. 1946ರ ನವೆಂಬರ್ 1ರಂದು ಅವರಿಗೆ ಗುರುದೀಕ್ಷೆಯಾಯಿತು.

ಈ ಅನುಭವ ಅವರೊಬ್ಬರ ಭಕ್ತಿಯಲ್ಲೇ ನಿಂತುಬಿಟ್ಟಿದ್ದರೆ ಇಲ್ಲಿ ಇಷ್ಟು ಹೇಳಬೇಕಿರಲಿಲ್ಲ. ಅದು ಧರ್ಮಸಭೆಯ ಬೋಧನೆಯೊಳಕ್ಕೂ ಬಂತು. ದುಡಿಮೆಯನ್ನು ಕುರಿತ ವಿಶ್ವಪತ್ರ ‘ಲಾಬೋರೆಮ್ ಎಕ್ಸೆರ್ಚೆನ್ಸ್’ 1981ರ ಮೇ ತಿಂಗಳಲ್ಲಿ ಹೊರಬರಬೇಕಿತ್ತು. ಮೇ 13ರಂದು ಅವರ ಮೇಲೆ ಗುಂಡಿನ ದಾಳಿ ನಡೆದದ್ದರಿಂದ ಆಸ್ಪತ್ರೆಯಿಂದ ಬಂದ ಮೇಲೆಯೇ ಅವರು ಅದನ್ನು ಪೂರ್ಣಗೊಳಿಸಿದರು. ಸೆಪ್ಟೆಂಬರ್ 14ರಂದು ಪ್ರಕಟವಾದ ಆ ಪತ್ರದಲ್ಲಿ ಅಂಗವಿಕಲರ ದುಡಿಮೆಯ ಹಕ್ಕಿಗೇ ಒಂದು ಭಾಗ ಮೀಸಲಾಗಿದೆ. 1984ರ ಫೆಬ್ರುವರಿ 11ರ ‘ಸಾಲ್ವಿಫಿಚಿ ದೊಲೋರಿಸ್’ ಪತ್ರ ನೋವನ್ನೇ ವಿಷಯವಾಗಿ ತೆಗೆದುಕೊಂಡಿತು. ಅದರ ಮೊದಲ ಎಳೆ, ಗಾಯಾಳು ತನ್ನ ನೋವನ್ನು ಕ್ರಿಸ್ತನ ಶಿಲುಬೆಯ ನೋವಿನೊಡನೆ ಕೂಡಿಸಿ ಇತರರ ಒಳಿತಿಗಾಗಿ ಅರ್ಪಿಸಬಲ್ಲ ಎಂಬುದು. ಕೆಲಸಕ್ಕೆ ಬಾರದವನಾದೆ ಎಂಬ ಕೊರಗು ಇಂಥ ಅಪಘಾತಗಳ ಅತಿ ಆಳದ ಗಾಯ. ಹಾಸಿಗೆಯಲ್ಲಿದ್ದವನಿಂದಲೂ ಆಗುವ ಒಂದು ಕೆಲಸವಿದೆ ಎಂಬ ನಂಬಿಕೆ ಆ ಗಾಯವನ್ನು ಮುಟ್ಟುತ್ತದೆ. ಎರಡನೆಯ ಎಳೆ ಒಳ್ಳೆಯ ಸಮಾರಿಯದವನ ಸಾಮತಿ. ಬಿದ್ದವನ ಮುಂದೆ ನಿಲ್ಲದೆ ಹೋಗುವವನಿಗೆ ಪತ್ರ ಯಾವ ನೆಪವನ್ನೂ ಉಳಿಸುವುದಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರಿಗೆ ಪೊಲೀಸರ ಕಿರುಕುಳವಾಗದಂತೆ ಕರ್ನಾಟಕ 2016ರಲ್ಲಿ ರೂಪಿಸಿದ ಕಾಯ್ದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್ ಇವೆರಡೂ ಆ ಸಾಮತಿಯ ಹೆಸರನ್ನೇ ಹೊತ್ತಿವೆ.

ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲರ ಕಥೆ ಹೆಚ್ಚು ಪರಿಚಿತ. ಅದು ಯುದ್ಧದ ಗಾಯವಾದ್ದರಿಂದ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. 1521ರ ಮೇ 20ರಂದು ಪಂಪ್ಲೋನದಲ್ಲಿ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ತಪ್ಪಾಗಿ ಕೂಡಿದ ಎಲುಬನ್ನು ಅರಿವಳಿಕೆಯಿಲ್ಲದೆ ಮತ್ತೆ ಮುರಿದು ಕೂಡಿಸಿದರು. ಅವರು ಕುಂಟುತ್ತಲೇ ಬದುಕಿದರು. ಹಾಸಿಗೆಯ ಮೇಲೆ ಓದಿದ ಕ್ರಿಸ್ತಚರಿತೆ ಮತ್ತು ಸಂತರ ಚರಿತೆಗಳು ದಾರಿ ಬದಲಿಸಿದವು. 

ಆಚರಣೆಯ ಕಡೆಗೆ ಬಂದರೆ, ಅಪಘಾತಕ್ಕೆ ಸಿಕ್ಕವರಿಗೆ ಧರ್ಮಸಭೆ ಕೊಡುವ ಮುಖ್ಯ ಸಂಸ್ಕಾರ ರೋಗಿಗಳ ಅಭ್ಯಂಗ. ಅದರ ಆಧಾರ ಯಕೋಬನ ಪತ್ರದ 5ನೆಯ ಅಧ್ಯಾಯ. ಶತಮಾನಗಳ ಕಾಲ ಅದು ಸಾಯುವವರ ಸಂಸ್ಕಾರವೆಂದೇ ಜನಮನದಲ್ಲಿ ನೆಲೆಸಿತ್ತು. ಗುರುಗಳು ಎಣ್ಣೆ ಹಿಡಿದು ಬಂದರೆಂದರೆ ಮನೆಯವರು ಅಳತೊಡಗುತ್ತಿದ್ದರು. ಈ ಹೆದರಿಕೆ ಇಂದಿಗೂ ಪೂರ್ತಿ ಹೋಗಿಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನು ರೋಗಿಗಳ ಸಂಸ್ಕಾರವೆಂದು ಕರೆಯುವುದೇ ಸೂಕ್ತ ಎಂದಿತು, 1972ರಲ್ಲಿ ಪೋಪ್ ಆರನೆಯ ಪೌಲರು ಹೊಸ ವಿಧಿ ಕೊಟ್ಟರು. ಹಣೆಗೂ ಅಂಗೈಗಳಿಗೂ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಸಸ್ಯಜನ್ಯ ಎಣ್ಣೆಯೂ ಆಗುತ್ತದೆ. ಸ್ಥಿತಿ ಬಿಗಡಾಯಿಸಿದರೆ, ದೊಡ್ಡ ಶಸ್ತ್ರಚಿಕಿತ್ಸೆ ಇದ್ದರೆ ಮತ್ತೆ ಪಡೆಯಬಹುದು. 1992ರ ಧರ್ಮೋಪದೇಶ ಗ್ರಂಥ ಇದರ ಫಲಗಳನ್ನು ಹೇಳುವಾಗ ಬಲ, ಶಾಂತಿ, ಧೈರ್ಯಗಳನ್ನು ಮುಂದಿಟ್ಟು, ದೇಹದ ಗುಣವನ್ನು ಆತ್ಮದ ಒಳಿತಿಗೆ ಒದಗುವುದಾದರೆ ಎಂಬ ಷರತ್ತಿನೊಡನೆ ಸೇರಿಸುತ್ತದೆ. ಅತಿ ತೀವ್ರ ಪ್ರಾರ್ಥನೆಯಿಂದಲೂ ಕೆಲವೊಮ್ಮೆ ಗುಣವಾಗದು ಎಂದು ಅದು ಮುಚ್ಚುಮರೆಯಿಲ್ಲದೆ ಒಪ್ಪುತ್ತದೆ. ಈ ಪ್ರಾಮಾಣಿಕತೆ ಪವಾಡದ ಜಾಹೀರಾತುಗಳಿಂದ ಕಥೋಲಿಕ ಬೋಧನೆಯನ್ನು ಬೇರ್ಪಡಿಸುವ ಗೆರೆ.

ನೋವಿಗೆ ಅರ್ಥವಿದೆ ಎಂಬ ಬೋಧನೆಯನ್ನು ನೋವನ್ನು ಸಹಿಸಿಕೊಂಡಿರಿ ಎಂಬ ಉಪದೇಶವಾಗಿ ತಿರುಚುವ ಅಪಾಯವೂ ಇದೆ. ಗಣಿಯಲ್ಲಿ ಕಾಲು ಕಳೆದುಕೊಂಡ ಕಾರ್ಮಿಕನಿಗೆ ಶಿಲುಬೆಯನ್ನಷ್ಟೇ ತೋರಿಸಿ ಪರಿಹಾರದ ಅರ್ಜಿಯನ್ನು ಮರೆಸಿದರೆ ಅದು ಬೋಧನೆಗೇ ಬಗೆವ ದ್ರೋಹ. 1923ರ ಕಾರ್ಮಿಕರ ಪರಿಹಾರ ಕಾಯ್ದೆ, 1948ರ ಇಎಸ್‌ಐ ಕಾಯ್ದೆ, 1952ರ ಗಣಿ ಕಾಯ್ದೆ ಇವೆಲ್ಲ 2025ರವರೆಗೆ ಅವನ ಹಕ್ಕಿನ ಮಾತುಗಳಾಗಿದ್ದವು, ಈಗ ಅವುಗಳ ಜಾಗದಲ್ಲಿ ಕಾರ್ಮಿಕ ಸಂಹಿತೆಗಳಿವೆ. ಕೆಲಸದ ಸ್ಥಳದ ಸುರಕ್ಷತೆ ಮತ್ತು ಅಪಘಾತದ ಪರಿಹಾರ ‘ಲಾಬೋರೆಮ್ ಎಕ್ಸೆರ್ಚೆನ್ಸ್’ ಪಟ್ಟಿ ಮಾಡಿದ ಹಕ್ಕುಗಳಲ್ಲೂ ಇವೆ.

ದೊಡ್ಡ ಗಾಯಕ್ಕೆ ಮುಧೋಳದವರು ಕಲಬುರಗಿಗೋ ಹೈದರಾಬಾದಿಗೋ ಓಡಬೇಕು. ಆದರೆ ಭರವಸೆಗೆ ನಿಜವಾದ ಪರೀಕ್ಷೆ ಆಸ್ಪತ್ರೆಯಿಂದ ಬಂದ ಮೇಲಿನ ತಿಂಗಳುಗಳಲ್ಲಿ ಎದುರಾಗುತ್ತದೆ. ನೋಡಲು ಬರುವವರು ಆಗ ಕಡಿಮೆಯಾಗುತ್ತಾರೆ, ಆರೈಕೆಯ ಭಾರವೆಲ್ಲ ಹೆಂಡತಿ ಅಥವಾ ತಾಯಿಯ ಮೇಲೆ ಬೀಳುತ್ತದೆ. ಚರ್ಚಿಗೆ ನಡೆದು ಬರಲಾಗದವರಿಗೆ ಪರಮಪ್ರಸಾದವನ್ನು ಮನೆಗೇ ಒಯ್ಯುವ ಪದ್ಧತಿ ಆದಿಕ್ರೈಸ್ತರ ಕಾಲದ್ದು. ಗುರುಗಳು ಕಡಿಮೆಯಿರುವ ಕಡೆ ನಿಯುಕ್ತ ಶ್ರೀಸಾಮಾನ್ಯ ಭಕ್ತರೂ ಅದನ್ನು ಒಯ್ಯಲು 1973ರಿಂದ ಅನುಮತಿಯಿದೆ. ಊರೂರಿಗೂ ಗುರುಗಳಿಲ್ಲದ ಈ ವಿಶಾಲ ಧರ್ಮಪ್ರಾಂತ್ಯದಲ್ಲಿ ಆ ಅನುಮತಿಯ ಪೂರ್ಣ ಬಳಕೆಯಾಗಬೇಕು. ಮನೆಗೆ ಹೋದವರು ಗಾಯಾಳುವಿನ ಜೊತೆಗೆ ಅವನನ್ನು ನೋಡಿಕೊಳ್ಳುವವಳ ಕ್ಷೇಮವನ್ನೂ ವಿಚಾರಿಸಬೇಕು.