ಎಂಜಲಲ್ಲದ ಅನ್ನ



ಹಸಿವು ಎಂದೊಡನೆ ವಲಸಿಗರಾದ ನಾವು ನೆನೆಯುವುದು ಬಿಟ್ಟುಬಂದ ಊರನ್ನು, ನೆಲೆನಿಂತ ಊರನ್ನಲ್ಲ. ಫಿಲಿಪ್ಪೀನ್ಸಿನ ಫರ್ಡಿನಾಂಡ್ ದಿಮಾದುರಾ 2005ರಲ್ಲಿ ತಯಾರಿಸಿದ 'ಚಿಕನ್ ಆ ಲಾ ಕಾರ್ಟ್' ಎಂಬ ಆರು ನಿಮಿಷದ ಕಥಾಚಿತ್ರ ಈ ಅಭ್ಯಾಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಇಬ್ಬರು ಯುವತಿಯರು ಹೋಟೆಲಿನಲ್ಲಿ ಕೋಳಿಯ ಖಾದ್ಯವನ್ನು ತಿಂದು ಮಿಕ್ಕದ್ದನ್ನು ಬಿಟ್ಟೇಳುತ್ತಾರೆ. ಒಬ್ಬ ಬಡವ ಆ ಎಂಜಲನ್ನು ಆಯ್ದು ಊರಿಗೆ ಒಯ್ಯುತ್ತಾನೆ. ಮಕ್ಕಳು ಓಡಿಬಂದು ಮುತ್ತುತ್ತಾರೆ. ದೇವರನ್ನು ಪ್ರಾರ್ಥಿಸಿದ ಬಳಿಕವೇ ಅವನ ಕುಟುಂಬ ಅದನ್ನು ಉಣ್ಣುತ್ತದೆ. 'ಪಾಪ, ಬಡ ದೇಶ' ಎಂದು ನಿಟ್ಟುಸಿರಿಡುವುದು ನಮಗೆ ಸುಲಭ.

ಆದರೆ ಇಂಥದೇ ದೃಶ್ಯ ಅದಕ್ಕಿಂತ ಎರಡು ದಶಕ ಮೊದಲೇ ನಮ್ಮ ಸಿಯಾಟಲ್ಲಿನಲ್ಲಿ ಚಿತ್ರಿತವಾಗಿತ್ತು. 1983ರಲ್ಲಿ ಛಾಯಾಗ್ರಾಹಕಿ ಮೇರಿ ಎಲೆನ್ ಮಾರ್ಕ್ ಹಾಗೂ ಲೇಖಕಿ ಷೆರಿಲ್ ಮೆಕಾಲ್ 'ಲೈಫ್' ಪತ್ರಿಕೆಗಾಗಿ ಇಲ್ಲಿಗೆ ಬಂದರು. ಅಮೆರಿಕದಲ್ಲೇ ವಾಸಕ್ಕೆ ಅತ್ಯಂತ ಯೋಗ್ಯ ನಗರವೆಂಬ ಕೀರ್ತಿ ಈ ಊರಿಗಿದ್ದುದರಿಂದಲೇ ಅವರು ಇದನ್ನು ಆರಿಸಿಕೊಂಡದ್ದು. ಪೈಕ್ ಬೀದಿಯಲ್ಲಿ ಅವರು ಕಂಡ, ಮನೆಬಿಟ್ಟ ಮಕ್ಕಳನ್ನು ಕುರಿತು ಮಾರ್ಕ್ ಅವರ ಪತಿ ಮಾರ್ಟಿನ್ ಬೆಲ್ 1984ರಲ್ಲಿ 'ಸ್ಟ್ರೀಟ್‌ವೈಸ್' ಎಂಬ ಸಾಕ್ಷ್ಯಚಿತ್ರ ನಿರ್ಮಿಸಿದರು. ಅದು ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಿತು.

ಅದರಲ್ಲಿ ಒಬ್ಬ ಹುಡುಗ ತನ್ನ ಊಟದ ಉಪಾಯವನ್ನು ವಿವರಿಸುತ್ತಾನೆ. ದೂರವಾಣಿಯಲ್ಲಿ ಪಿಜ್ಜಾ ಬೇಕೆಂದು ಹೇಳುವುದು, ತರಲು ಹೋಗದಿರುವುದು. ಯಾರೂ ಬಾರದಿದ್ದಾಗ ಅಂಗಡಿಯವರು ಅದನ್ನು ಕಸದ ತೊಟ್ಟಿಗೆ ಹಾಕುತ್ತಾರೆ, ಅಲ್ಲಿಂದ ಎತ್ತಿಕೊಂಡರಾಯಿತು. ವೃತ್ತಿಯಿಂದ ವೈದ್ಯರಾದ ನಮಗೆ ಆ ಪಿಜ್ಜಾದ ಶುಚಿತ್ವದ ಚಿಂತೆಯೇ ಮೊದಲು ಬಂದದ್ದು ನಾಚಿಕೆಯ ಮಾತು.

ನಮ್ಮ ಭಾಷೆಯಲ್ಲಿ ಬಾಯಿ ತಾಗಿದ ಅನ್ನ ಎಂಜಲು, ಹಿಂದಿನ ದಿನದ್ದು ತಂಗಳು, ಕೆಟ್ಟದ್ದು ಹಳಸಲು. ಈ ಪಿಜ್ಜಾ ಮೂರೂ ಅಲ್ಲ. ಅದು ಕಸವಾದದ್ದು ಕೊಳ್ಳುವವನು ಬಾರದ ಒಂದೇ ಕಾರಣಕ್ಕೆ. ಇಂಥ ಅನ್ನಕ್ಕೆ ಹಳ್ಳಿಯ ಕನ್ನಡದಲ್ಲಿ ಹೆಸರೇ ಇಲ್ಲ. ಬಹುಶಃ ಅಗತ್ಯ ಬಿದ್ದಿರಲಿಲ್ಲ.

ಮುಂದೆ ಕಾನೂನುಗಳು ಬಂದವು. ಸದ್ಭಾವದಿಂದ ಆಹಾರ ದಾನಮಾಡಿದವರಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಫೆಡರಲ್ ಕಾಯಿದೆ 1996ರಲ್ಲಿ ಜಾರಿಯಾಯಿತು. 2015ರಿಂದ ಸಿಯಾಟಲ್ ನಗರ ಆಹಾರವನ್ನು ಸಾಮಾನ್ಯ ಕಸಕ್ಕೆ ಹಾಕುವುದನ್ನೇ ನಿಷೇಧಿಸಿತು, ಅದು ಗೊಬ್ಬರವಾಗಬೇಕು. ಮಣ್ಣಿಗೆ ಉಪಕಾರವೇ ಸರಿ, ಹಸಿದ ಬಾಯಿಗೆ ಇದರಿಂದೇನೂ ಸಿಗದು.

ಕಳೆದ ಯುಗಾದಿಯ ಭೋಜನದ ತರುವಾಯ ಎರಡು ದೊಡ್ಡ ತಟ್ಟೆಗಳಷ್ಟು ಬಿಸಿಬೇಳೆಭಾತು ಉಳಿದಿತ್ತು. ಸಭಾಂಗಣವನ್ನು ಹತ್ತು ಗಂಟೆಗೆ ತೆರವುಮಾಡಬೇಕಾಗಿದ್ದುದರಿಂದ ನಾವೇ ಅದನ್ನು ಗೊಬ್ಬರದ ತೊಟ್ಟಿಗೆ ಸುರಿದೆವು. ಅದಿನ್ನೂ ಬೆಚ್ಚಗಿತ್ತು.