ತಪ್ಪೊಪ್ಪಿಗೆಯೇ ಕೊನೆಯ ಮಾತಲ್ಲ

‘ಅವನೇ ತಪ್ಪು ಒಪ್ಪಿಕೊಂಡಿದ್ದಾನಂತೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಪ್ರಕರಣ ಮುಗಿಯಿತೆಂದು ನಾವು ಭಾವಿಸಿಬಿಡುತ್ತೇವೆ. ಇನ್ನೆಲ್ಲಿಯ ವಿಚಾರಣೆ, ಇನ್ನೆಲ್ಲಿಯ ಮೇಲ್ಮನವಿ ಎನ್ನುತ್ತೇವೆ. ಆದರೆ ನ್ಯಾಯದ ಚರಿತ್ರೆ ಹೇಳುವುದು ಬೇರೆ. ಒಪ್ಪಿಗೆಯನ್ನು ಸ್ವೀಕರಿಸುವ ಮುನ್ನ ನ್ಯಾಯಾಧೀಶರು ಏನೇನು ವಿಚಾರಿಸಿದರು ಎಂಬುದರ ಮೇಲೆಯೇ ಅದರ ಬೆಲೆ ನಿಂತಿದೆ.

ಮದೀನಾದ ಮಾಇಝ್ ಬಿನ್ ಮಾಲಿಕ್(ರ)ರ ಘಟನೆ ನಮಗೆಲ್ಲ ತಿಳಿದಿದೆ. ವ್ಯಭಿಚಾರದ ತಪ್ಪನ್ನು ಅವರು ತಾವಾಗಿಯೇ ಬಂದು ಹೇಳಿಕೊಂಡಾಗ ಪ್ರವಾದಿ(ಸ) ಮುಖ ತಿರುಗಿಸಿದರು. ನಾಲ್ಕು ಬಾರಿ ಹೇಳಿದ ಮೇಲೂ ತಕ್ಷಣ ತೀರ್ಪು ಬರಲಿಲ್ಲ. ಬುದ್ಧಿ ಸ್ವಸ್ಥವಾಗಿದೆಯೇ, ಮದ್ಯ ಸೇವಿಸಿದ್ದಾರೆಯೇ, ಆಡುತ್ತಿರುವ ಮಾತಿನ ಅರ್ಥ ಗೊತ್ತಿದೆಯೇ ಎಂದು ವಿಚಾರಿಸಲಾಯಿತು. ಶಿಕ್ಷೆಯ ನಡುವೆ ಅವರು ಓಡತೊಡಗಿದಾಗ ಜನರು ಬೆನ್ನಟ್ಟಿದರು. ಅದನ್ನು ತಿಳಿದ ಪ್ರವಾದಿ(ಸ), ಅವರನ್ನು ಏಕೆ ಬಿಟ್ಟುಬಿಡಲಿಲ್ಲವೆಂದು ಕೇಳಿದರೆಂದು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ.

ಈ ಘಟನೆಯ ಆಧಾರದಲ್ಲಿ ಹೆಚ್ಚಿನ ಫಿಕ್ಹ್ ವಿದ್ವಾಂಸರು ಒಂದು ನಿಯಮ ರೂಪಿಸಿದರು. ಹುದೂದ್ ಪ್ರಕರಣಗಳಲ್ಲಿ, ಬರೀ ಒಪ್ಪಿಗೆಯೇ ಆಧಾರವಾಗಿದ್ದರೆ, ಒಪ್ಪಿದವನು ಅದನ್ನು ಹಿಂಪಡೆಯಬಹುದು. ಆದರೆ ಸಾಲದಂತಹ ಇನ್ನೊಬ್ಬರ ಹಕ್ಕಿನ ವಿಷಯದಲ್ಲಿ ಒಪ್ಪಿದ್ದನ್ನು ಹಾಗೆ ಅಲ್ಲಗಳೆಯಲಾಗದು. ಖಲೀಫಾ ಹಾರೂನ್ ರಶೀದರಿಗಾಗಿ ‘ಕಿತಾಬುಲ್ ಖರಾಜ್’ ಬರೆದ ಇಮಾಮ್ ಅಬೂ ಯೂಸುಫ್(ರ) ಅವರು, ಹೊಡೆದು ಬಡಿದು ಪಡೆದ ಒಪ್ಪಿಗೆಯನ್ನು ಆಧಾರವಾಗಿಸಬಾರದೆಂದು ಆಳುವವರಿಗೇ ತಿಳಿಹೇಳಿದರು.

ಇನ್ನು ನಮ್ಮ ದೇಶದ ಕಾನೂನನ್ನು ನೋಡೋಣ. 1973ರ ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಮಿನ ಪ್ರಕಾರ, ಮ್ಯಾಜಿಸ್ಟ್ರೇಟ್ ಅಥವಾ ಸೆಷನ್ಸ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದವನು ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯ ಬಗ್ಗೆ ಮಾತ್ರ ಮೇಲ್ಮನವಿ ಸಲ್ಲಿಸಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಮಿನಲ್ಲಿಯೂ ಇದೇ ನಿಯಮವಿದೆ. ಅಂದರೆ ‘ಹೌದು, ತಪ್ಪಾಯಿತು’ ಎಂಬ ಒಂದು ಮಾತು ಮೇಲ್ಮನವಿಯ ಹೆಚ್ಚಿನ ದಾರಿಯನ್ನು ಮುಚ್ಚಿಬಿಡುತ್ತದೆ.

ಹಾಗಿದ್ದರೆ ಆ ಒಪ್ಪಿಗೆಯೇ ಸರಿಯಾದುದಲ್ಲದಿದ್ದರೆ? 1960ರ ದಶಕದಲ್ಲಿ ಮಹಂತ ಕೌಶಲ್ಯ ದಾಸ್ ವಿರುದ್ಧ ಮದ್ರಾಸ್ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರಿಸಿತು. ಆರೋಪಿಯ ಒಪ್ಪಿಗೆಯನ್ನು ಸಾಧ್ಯವಾದಷ್ಟೂ ಅವನದೇ ಮಾತುಗಳಲ್ಲಿ ದಾಖಲಿಸುವುದು ಕಡ್ಡಾಯ, ಏಕೆಂದರೆ ಅವನ ಮೇಲ್ಮನವಿಯ ಹಕ್ಕೇ ಅದನ್ನು ಅವಲಂಬಿಸಿದೆ ಎಂದು ನ್ಯಾಯಾಲಯ ಹೇಳಿತು.

ನಮ್ಮ ರಾಜ್ಯದಿಂದಲೇ ಹೋದ ಇನ್ನೊಂದು ಪ್ರಕರಣ ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ. ದಂಡ ಕಟ್ಟಿದರೆ ಮುಗಿಯಿತೆಂಬ ಭರವಸೆಯ ಮೇಲೆ ಆರೋಪಿ ತಪ್ಪೊಪ್ಪಿಕೊಂಡಿದ್ದರು. ಮ್ಯಾಜಿಸ್ಟ್ರೇಟರು ದಂಡವನ್ನಷ್ಟೇ ವಿಧಿಸಿದರು. ಪ್ರಕರಣ ಹೈಕೋರ್ಟ್ ತಲುಪಿದಾಗ ಅದು ಜೈಲು ಶಿಕ್ಷೆಯಾಯಿತು. ಹಗುರ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ಆರೋಪಿಯನ್ನು ನಿರ್ದೋಷಿಯೆಂದು ಬಿಟ್ಟುಬಿಡಲಿಲ್ಲ. ಬೇಕಿದ್ದರೆ ತನ್ನ ವಾದ ಮಂಡಿಸಲು ಅವಕಾಶವಾಗುವಂತೆ ಪ್ರಕರಣವನ್ನು ವಿಚಾರಣಾ ನ್ಯಾಯಾಲಯಕ್ಕೇ ಮರಳಿಸಿತು. ಇಲ್ಲಿ ನೊಂದವರ ಹಕ್ಕೂ ಉಳಿಯಿತು, ಆರೋಪಿಯ ಹಕ್ಕೂ ಉಳಿಯಿತು.

2006ರಲ್ಲಿ ಚೌಕಾಸಿ ಒಪ್ಪಿಗೆಗೆ, ಅಂದರೆ ಪ್ಲೀ ಬಾರ್ಗೇನಿಂಗ್‌ಗೆ, ಕಾನೂನಿನಲ್ಲೇ ಜಾಗ ಸಿಕ್ಕಿತು. ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಅದು ಅನ್ವಯಿಸದು. ಆರೋಪಿಯನ್ನು ನ್ಯಾಯಾಧೀಶರು ಎದುರು ಪಕ್ಷದವರಿಲ್ಲದೆ ಪ್ರತ್ಯೇಕವಾಗಿ ಮಾತನಾಡಿಸಿ, ಸ್ವಇಚ್ಛೆಯಿಂದ ಬಂದಿದ್ದಾನೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮಾಇಝ್(ರ)ರಿಗೆ ಕೇಳಲಾದ ಪ್ರಶ್ನೆಗಳ ಹಿಂದಿದ್ದ ಎಚ್ಚರವೇ ಇಲ್ಲಿಯೂ ಇದೆ.

ಇದು ನಮ್ಮ ಮನೆಗಳಿಗೆ ಸಂಬಂಧಿಸಿದ ವಿಷಯ. ಮಗನೋ ಸಹೋದರನೋ ಯಾವುದೋ ಪ್ರಕರಣದಲ್ಲಿ ಸಿಲುಕಿದಾಗ ‘ಒಪ್ಪಿಕೊಂಡು ದಂಡ ಕಟ್ಟಿ ಬಾ, ಅಲೆದಾಟ ತಪ್ಪುತ್ತದೆ’ ಎಂದು ಸಲಹೆ ಕೊಡುವವರು ನಮ್ಮ ನಡುವೆಯೇ ಇದ್ದಾರೆ. ಆ ದಂಡದ ರಸೀದಿಯ ಹಿಂದೆ ಅಪರಾಧಿಯೆಂಬ ದಾಖಲೆ ಉಳಿಯುತ್ತದೆ. ನಾಳೆ ಉದ್ಯೋಗಕ್ಕೆ, ಪಾಸ್‌ಪೋರ್ಟಿಗೆ ಅದು ತೊಡಕಾಗಬಹುದು. ಆದ್ದರಿಂದ ಬಾಯಿ ತೆರೆಯುವ ಮುನ್ನ ಆರೋಪವೇನೆಂದು ಅರ್ಥವಾಗುವ ಭಾಷೆಯಲ್ಲಿ ಕೇಳಿ ತಿಳಿಯಬೇಕು, ವಕೀಲರೊಡನೆ ಮಾತನಾಡಬೇಕು. ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ತಪ್ಪು ಮಾಡಿದ್ದರೆ ಒಪ್ಪಿಕೊಳ್ಳುವುದು ಒಳ್ಳೆಯದೇ. ಮಾಡದ ತಪ್ಪನ್ನು ಅವಸರಕ್ಕೋ ಭಯಕ್ಕೋ ಒಪ್ಪಿಕೊಳ್ಳುವುದು ಸುಳ್ಳು ಸಾಕ್ಷ್ಯವೇ ಸರಿ. ಅದು ತನ್ನ ಮೇಲೆ ತಾನೇ ಹೇಳಿಕೊಳ್ಳುವ ಸುಳ್ಳು. ಅಂತಹ ಸಲಹೆಯನ್ನು ನಾವು ಯಾರಿಗೂ ಕೊಡದಿರೋಣ.